ಕಂಬಳಿ ಒಗೆಯುವವರು ಇರುತ್ತಾರೆಂದು ನಮಗೆ ಗೊತ್ತಿರಲಿಲ್ಲ

ಸಭೆಯ ಹಿರಿಯರಾದ ಧೊಂಡಿಬಾ ಕಾಕಾ ಅವರೇ, ಇಲ್ಲಿ ಮುಂದೆ ಕುಳಿತಿರುವ ಸಖುಬಾಯಿ ಅವ್ವನವರೇ, ಹಲಬರ್ಗಾದಿಂದ, ಬಗದಲ್‌ದಿಂದ, ದೂರದ ಔರಾದದಿಂದ ಕುರಿಯನ್ನು ಬೇರೆಯವರ ಕೈಗೆ ಒಪ್ಪಿಸಿ ಬಂದ ಬಂಧುಗಳೇ, ಬೀದರದ ಮೈಲೂರಿನಿಂದ ಬೆಳಗಿನ ರೈಲಿಗೆ ಭಾಲ್ಕಿಗೆ ಬಂದಿಳಿದ ನೂಲುವ ತಾಯಂದಿರೇ — ಎಲ್ಲರಿಗೂ ಶರಣು.

ನನ್ನ ಹೆಸರು ಜ್ಞಾನೇಶ್ವರ. ಈ ಶೆಡ್ಡಿನ ಬಾಗಿಲಿನಿಂದ ಮೂರನೆಯ ಮಗ್ಗ ನನ್ನದು. ಒಂಬತ್ತು ವರ್ಷ ಬಕ್ಕಪ್ಪನವರ ಜೊತೆ ಕಂಬಳಿ ನೇಯ್ದಿದ್ದೇನೆ. ಮಂದಿಯ ಎದುರು ನಿಂತು ಮಾತಾಡಿ ನನಗೆ ರೂಢಿಯಿಲ್ಲ. ಅದಕ್ಕೇ ಬರೆದುಕೊಂಡು ಬಂದಿದ್ದೇನೆ. ಓದುತ್ತೇನೆ. ಹಿಂದಿನವರಿಗೆ ಕೇಳಿಸದಿದ್ದರೆ ಕೈ ಎತ್ತಿ, ಇನ್ನಷ್ಟು ಗಟ್ಟಿಯಾಗಿ ಓದಲು ನೋಡುತ್ತೇನೆ.

ಬಕ್ಕಪ್ಪನವರು ತೀರಿಕೊಂಡು ಇವತ್ತಿಗೆ ಹದಿಮೂರು ದಿನ.

ಮೊನ್ನೆ ಧೊಂಡಿಬಾ ಕಾಕಾ ನನ್ನ ಮಗ್ಗದ ಹತ್ತಿರ ಬಂದು ಕುಳಿತರು. "ಜ್ಞಾನು, ಸಭಾದಾಗ ನೀ ಒಂದೀಟು ಮಾತಾಡು. ಖರೇ ಅಂದ್ರ ಮಂದೀಗಿ ಅಳಸಬ್ಯಾಡ. ಈಗಿನ ಹುಡುಗ್ರು ಸ್ವಂತ ಧಂದಿ ಮಾಡ್ತೇವಂತಾರ. ಧಂದಿ ಮಾಡಾವನಿಗಿ ಏನೇನ ಗುಣ ಬೇಕು, ಏನೇನ ಕಲ್ತಿರಬೇಕು, ಬಕ್ಕಪ್ಪ ಹ್ಯಾಂಗ ಮ್ಯಾಲ ಬಂದ — ಅದ ಹೇಳು. ಕೇಳಿದವ್ರಿಗಿ ಉಪಯೋಗ ಆಗಲಿ" ಎಂದರು.

ಕಾಕಾ, ನಿಮ್ಮ ಮಾತು ಮೀರುವುದಿಲ್ಲ. ಅವರು ಮೇಲೆ ಬಂದದ್ದನ್ನು ಹೇಳುತ್ತೇನೆ. ಆದರೆ ಕೆಳಗೆ ಬಿದ್ದದ್ದನ್ನೂ ಹೇಳಬೇಕಾಗುತ್ತದೆ. ಎರಡು ಪಟ್ಟಿ ನೇಯ್ದು ನಡುವೆ ಹೊಲಿದರೇನೇ ಕಂಬಳಿ. ಒಂದೇ ಪಟ್ಟಿಯನ್ನು ಯಾರೂ ಹೊದೆಯುವುದಿಲ್ಲ.

ಮೊದಲನೆಯದು — ಕೈ. ಧಂದೆ ಮಾಡುವವನ ಕೈಗೆ ತನ್ನ ಮಾಲು ಗೊತ್ತಿರಬೇಕು. ಬಕ್ಕಪ್ಪನವರು ಹಲಬರ್ಗಾದ ಕುರಿಗಾರರ ಮನೆಯಲ್ಲಿ ಹುಟ್ಟಿದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ಕಣ್ಣು ಮುಚ್ಚಿ ಒಂದು ಚಿಟಿಕೆ ಉಣ್ಣೆ ಹಿಡಿದರೆ ಸಾಕು — ಇದು ಬೆನ್ನಿನದು, ಇದು ಹೊಟ್ಟೆಯದು, ಇದು ಎರಡನೆಯ ಕಟಾವಿನದು ಎಂದು ಹೇಳುತ್ತಿದ್ದರು.

ಒಮ್ಮೆ ಔರಾದದ ಹಿರಿಯರೊಬ್ಬರು ಮೂರು ಮೂಟೆ ತಂದರು. ಹೆಸರು ಹೇಳುವುದಿಲ್ಲ, ಅವರೂ ಇಲ್ಲೇ ಕುಳಿತಿದ್ದಾರೆ. ಬಕ್ಕಪ್ಪನವರು ಮೂಟೆಯೊಳಗೆ ಮೊಳಕೈಯವರೆಗೆ ಕೈ ಹಾಕಿ, ತಳದಿಂದ ಒಂದು ಹಿಡಿ ತೆಗೆದರು.

"ಮಾಮಾ, ಇದರಾಗ ಸತ್ತ ಕುರೀದು ಅದರಿ."

"ಏನಂತೀಯೋ. ಎಲ್ಲಾ ಬದಕಿದ ಕುರೀದೆ. ಮೊನ್ನಿ ನಾನೇ ಕತ್ತರಸೇನಿ."

ಬಕ್ಕಪ್ಪನವರು ಜಗಳಕ್ಕೆ ಹೋಗಲಿಲ್ಲ. ಬಲಗೈಯಲ್ಲಿ ಮೇಲಿನ ಉಣ್ಣೆ, ಎಡಗೈಯಲ್ಲಿ ತಳದ ಉಣ್ಣೆ — ಹೀಗೆ ಎರಡೂ ಮುಷ್ಟಿ ಬಿಗಿ ಹಿಡಿದರು. ಹೀಗೆ ಬಿಟ್ಟರು. ಬಲಗೈಯದು ಉಬ್ಬಿ ಮೇಲೆದ್ದಿತು. ಎಡಗೈಯದು ಮುದುಡಿಕೊಂಡು ಹಾಗೇ ಉಳಿಯಿತು.

"ನೋಡ್ರಿ ಮಾಮಾ. ಬದಕಿದ್ದು ಎದ್ದ ಕುಂದರ್ತದ."

ಆ ಹಿರಿಯರು ನಕ್ಕುಬಿಟ್ಟರು. "ಹೊಟ್ಟ್ಯಾಗಿಂದ ಕಲ್ತ ಬಂದಾನ ಮಗ" ಎಂದರು. ಮುಂದೆ ಅವರು ಬೇರೆಯವರ ಮನೆಗೆ ಉಣ್ಣೆ ಒಯ್ಯಲಿಲ್ಲ.

ಎರಡನೆಯದು — ಕಣ್ಣು. ಎಲ್ಲರ ಎದುರಿಗೇ ಇದ್ದದ್ದನ್ನು ಅವರು ನೋಡಿದರು. ಮೊದಲು ನಾವು ಹೇಗಿದ್ದೆವು, ನೆನಪು ಮಾಡಿಕೊಳ್ಳಿ. ಒಂದೊಂದು ಮನೆಯ ಹಿತ್ತಿಲಲ್ಲಿ ಒಂದೊಂದು ಮಗ್ಗ. ಮನೆಯ ಬಾಗಿಲಿಗೆ ಬಂದವನು ಹೇಳಿದ್ದೇ ಬೆಲೆ. ಬಕ್ಕಪ್ಪನವರು ಮನೆಮನೆಗೆ ನಡೆದು ಕೇಳಿದರು — "ಕುರಿ ನಮ್ಮವು, ಕೈ ನಮ್ಮವು, ಬಾಯಿ ಯಾಕ ಅವರದು?" ಅಷ್ಟೇ ಮಾತು. ಹಲಬರ್ಗಾದಿಂದ ಔರಾದದವರೆಗೆ ಅವರು ನಡೆಯದ ಹಾದಿಯಿಲ್ಲ. ಮೊದಲ ವರ್ಷ ಐದು ಮನೆಯವರು ಒಪ್ಪಿದರು. ಹತ್ತಿ ತುಂಬುತ್ತಿದ್ದ ಈ ಶೆಡ್ಡನ್ನು ಬಾಡಿಗೆಗೆ ಹಿಡಿದು, ನೆಲ ಅಗೆದು, ಮಗ್ಗದ ಕುಣಿ ತೋಡಿದರು. ಮೂರನೆಯ ವರ್ಷಕ್ಕೆ ಇಲ್ಲಿ ನಲವತ್ತು ಮಗ್ಗಗಳ ಸಪ್ಪಳ. ಮಳೆ ಬಂದರೂ ಮಳೆಯ ಸದ್ದು ಕೇಳಿಸುತ್ತಿರಲಿಲ್ಲ.

ಮೂರನೆಯದು — ಮಾರುವ ಕಲೆ. ಔರಾದದ ಸಂತೆಯಲ್ಲಿ ಅವರು ಮಾಡಿದ್ದನ್ನು ನೀವು ನೋಡಿದ್ದೀರಿ. ನೋಡದ ಹುಡುಗರಿಗಾಗಿ ಹೇಳುತ್ತೇನೆ. ಹೊಸ ಕಂಬಳಿಯ ನಾಲ್ಕು ತುದಿ ನಾಲ್ಕು ಜನ ಹಿಡಿಯಬೇಕು, ನಡುವೆ ಜೋಲು ಬಿಡಬೇಕು — ಹೀಗೆ. ಬಕ್ಕಪ್ಪನವರು ಅದರಲ್ಲಿ ಒಂದು ಕೊಡ ನೀರು ಸುರಿಯುತ್ತಿದ್ದರು. ಸುರಿದು ಸುಮ್ಮನೆ ನಿಲ್ಲುತ್ತಿದ್ದರು. ಒಂದು ಹನಿ ಕೆಳಗೆ ಬೀಳುತ್ತಿರಲಿಲ್ಲ.

ಗುಂಪಿನಲ್ಲಿ ಒಬ್ಬ ಕೂಗಿದ: "ಏ ಬಕ್ಕಣ್ಣಾ, ಕಂಬಳಿ ಮಾರ್ಲಿಕ್ಕಿ ಬಂದೀಯೋ, ಎಮ್ಮಿಗಿ ನೀರ ಕುಡಸ್ಲಿಕ್ಕಿ ಬಂದೀಯೋ?"

"ಬಾ, ಮೊದಲ ನಿನಗೇ ಕುಡಸ್ತೇನಿ."

ಇಡೀ ಸಂತೆ ನಕ್ಕಿತು. ಕೂಗಿದವನೇ ಎರಡು ಕಂಬಳಿ ಒಯ್ದ.

ನೀರು ಯಾಕೆ ನಿಲ್ಲುತ್ತಿತ್ತು? ಗಂಜಿಯಿಂದ. ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ಬೀಸಿ, ಕುದಿಸಿದ ಗಂಜಿ. ಅದನ್ನು ಹಾಸಿನ ಉದ್ದನೆಯ ಎಳೆಗೆ ಕುಂಚದಿಂದ ಹಚ್ಚಿದರೆ ಎಳೆ ಹರಿಯುವುದಿಲ್ಲ, ನೇಯ್ಗೆ ಬಿಗಿಯಾಗುತ್ತದೆ, ಕಂಬಳಿ ಸೆಟೆದು ನಿಲ್ಲುತ್ತದೆ. ಕೊಪ್ಪೆ ಮಾಡಿ ತಲೆಯ ಮೇಲೆ ಹಾಕಿಕೊಂಡರೆ ಮಳೆ ಜಾರಿಹೋಗುತ್ತದೆ. ಇಪ್ಪತ್ತು ವರ್ಷ ಆ ಗಂಜಿ ಕುದಿಸಿದವರು ಬಕ್ಕಪ್ಪನವರ ಮನೆಯವರು, ಸಖುಬಾಯಿ ಅವ್ವ. ಬೇರೆಯವರು ಒಂದು ಸಲ ಹಚ್ಚಿದರೆ ಬಕ್ಕಪ್ಪನವರು ಮೂರು ಸಲ ಹಚ್ಚಿಸುತ್ತಿದ್ದರು. ಅದು ಅವರ ಹೆಮ್ಮೆ.

ಮತ್ತೆ, ನಮ್ಮಲ್ಲಿ ಕಂಬಳಿಯನ್ನು ಯಾರು ಒಗೆಯುತ್ತಾರೆ? ಕಂಬಳಿಗೆ ಮೈಲಿಗೆಯಿಲ್ಲ. ಮದುವೆಯಲ್ಲಿ ಹಾಸುವುದೂ ಅದೇ, ಬಾಣಂತಿಗೆ ಹೊದಿಸುವುದೂ ಅದೇ, ದೇವರ ಮುಂದೆ ಗದ್ದುಗೆ ಮಾಡುವುದೂ ಅದೇ. ಬಿಸಿಲಿಗೆ ಹಾಕುತ್ತೇವೆ, ಝಾಡಿಸುತ್ತೇವೆ, ಮಡಚುತ್ತೇವೆ. ನನ್ನ ಅಜ್ಜನ ಕಂಬಳಿ ಅಜ್ಜ ಸಾಯುವವರೆಗೂ ಕೆರೆಯ ನೀರು ಕಂಡಿರಲಿಲ್ಲ. ನಿಮ್ಮ ಅಜ್ಜನದೂ ಕಂಡಿರಲಿಕ್ಕಿಲ್ಲ.

ಇದನ್ನು ಯಾಕೆ ಇಷ್ಟು ಹೇಳುತ್ತಿದ್ದೇನೆ ಎಂದರೆ — ಹೇಳುತ್ತೇನೆ.

ಬಕ್ಕಪ್ಪನವರಿಗೆ ಒಬ್ಬ ಪಾಲುದಾರರಿದ್ದರು. ಹುಡುಗರಿಗೆ ಗೊತ್ತಿಲ್ಲದಿರಬಹುದು, ಹಿರಿಯರು ಮರೆತಿರಲಿಕ್ಕಿಲ್ಲ. ಉಣ್ಣೆ ಹಿಂಜುವ ಫಕ್ರೋದ್ದೀನ. ದೊಡ್ಡ ಬಿಲ್ಲು, ಅದಕ್ಕೆ ಕಟ್ಟಿದ ನರದ ಹುರಿ. ಆ ಹುರಿಯ ಸದ್ದಿನ ಮೇಲೆಯೇ ಇಲ್ಲಿ ಬೆಳಗಾಗುತ್ತಿತ್ತು. ಆ ಮನುಷ್ಯನ ಕೆಲಸ ಉಣ್ಣೆ ಹಿಂಜುವುದೊಂದೇ ಅಲ್ಲ. ಬಕ್ಕಪ್ಪನವರು ಏನು ಹೇಳಿದರೂ ಅದನ್ನೂ ಹಿಂಜುವುದು.

ಒಂದು ವರ್ಷ ಬಕ್ಕಪ್ಪನವರಿಗೆ ಬಣ್ಣದ ಹುಚ್ಚು ಹಿಡಿಯಿತು. ಕೆಂಪು, ಹಸಿರು ಕಂಬಳಿ ಮಾಡಿ ಹೈದರಾಬಾದ್ ಶಹರದಲ್ಲಿ ಮಾರಬೇಕೆಂದು.

"ಬಕ್ಕಣ್ಣಾ, ಕುರಿ ಕೊಟ್ಟ ಬಣ್ಣ ನಿನಗ ಸಾಲಂಗಿಲ್ಲೇನು? ಮಳಿಗಿ ಹೊತಕೊಂಡ್ರ ಮಂದಿ ಮೈಯೆಲ್ಲ ಗಿಳಿ ಆಗ್ತದ."

"ನಿನಗ ಏನ ತಿಳೀತದ ಫಕ್ರೂ, ನೀ ಬಿಲ್ಲ ಹೊಡಿ."

"ಬಿಲ್ಲೇ ಹೊಡೀತೇನಿ. ನಾಳಿ ನೀ ತೆಲಿ ಹೊಡಕೋತಿ, ಆವಾಗ ನಾ ಚಾ ಕುಡಕೋತ ನೋಡ್ತೇನಿ."

ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಬಕ್ಕಪ್ಪನವರೇ ಹೋಗಿ ಒಂದು ತುಂಡಿಗೆ ಬಣ್ಣ ಹಾಕಿ, ನೀರಿನಲ್ಲಿ ಅದ್ದಿ ನೋಡಿದರು. ನೀರು ಕೆಂಪಾಯಿತು. ಬಂದು ಫಕ್ರೋದ್ದೀನರ ಬಸಿಯಲ್ಲಿ ಉಳಿದ ಚಹಾ ಕುಡಿದರು. ಅಲ್ಲಿಗೆ ಬಣ್ಣದ ಮಾತು ಮುಗಿಯಿತು.

ಹುಡುಗರೇ, ಧಂದೆಗೆ ಬೇಕಾದ ಗುಣಗಳಲ್ಲಿ ಇದನ್ನೂ ಬರೆದುಕೊಳ್ಳಿ. ಹೂಂ ಅನ್ನುವವರು ಸಂಬಳಕ್ಕೆ ಸಿಗುತ್ತಾರೆ. ಉಹೂಂ ಅನ್ನುವವನನ್ನು ಹುಡುಕಿ ಪಕ್ಕದಲ್ಲಿ ಕೂರಿಸಿಕೊಳ್ಳಬೇಕು. ಕೂರಿಸಿಕೊಳ್ಳುವಷ್ಟು ಎದೆ ಬೇಕು.

ಆಮೇಲೆ — ಪೊಲೀಸ್ ಆ್ಯಕ್ಷನ್ನಿನ ವರ್ಷ ಬಂತು. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ, ರಜಾಕಾರರ ಭಯಕ್ಕೆ ಗಾಡಿಗಳು ಹೊರಡದಿದ್ದಾಗ, ಔರಾದದಿಂದ ಬರುವ ಉಣ್ಣೆಯ ಗಾಡಿಯ ಮೇಲೆ ಫಕ್ರೋದ್ದೀನರೇ ಕುಳಿತು ಬರುತ್ತಿದ್ದರು. "ನನ್ನ ಗಡ್ಡ ನೋಡಿ ಬಿಡ್ತಾರ, ನಿನ್ನ ಮೀಸಿ ನೋಡಿದ್ರ ಬಿಡಂಗಿಲ್ಲ" ಎಂದು ಬಕ್ಕಪ್ಪನವರಿಗೆ ಹೇಳುತ್ತಿದ್ದರು. ಹೀಗೆ ಐದು ಗಾಡಿ ತಂದರು. ನಲವತ್ತು ಮನೆಗಳ ಒಲೆ ಆ ಐದು ಗಾಡಿಗಳಿಂದ ಉರಿಯಿತು.

ಸೆಪ್ಟೆಂಬರದಲ್ಲಿ ಹಿಂದೂಸ್ತಾನದ ಫೌಜು ಬಂತು. ಆಗ ಬಕ್ಕಪ್ಪನವರು ಔರಾದದಲ್ಲಿ ಉಣ್ಣೆ ಕತ್ತರಿಸಲು ಹೋಗಿದ್ದರು. ಹಾದಿ ಮುಚ್ಚಿತು, ಎಂಟು ದಿನ ಅಲ್ಲೇ ಉಳಿದರು. ಆ ಎಂಟು ದಿನ ಫಕ್ರೋದ್ದೀನರ ಓಣಿಯಲ್ಲಿ ಮುಸಲ್ಮಾನರ ಮನೆಗಳಿಗೆ ಏನಾಯಿತೆಂದು ನಾನು ಹೇಳುವುದಿಲ್ಲ. ನಾವೆಲ್ಲ ಇಲ್ಲೇ ಇದ್ದೆವು. ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದೆವು. ನಾನೂ ಕುಳಿತಿದ್ದೆ.

ಬಕ್ಕಪ್ಪನವರು ಬಂದಾಗ ಫಕ್ರೋದ್ದೀನರ ಮನೆಯ ಬಾಗಿಲು ತೆರೆದಿತ್ತು. ಒಳಗೆ ಯಾರೂ ಇರಲಿಲ್ಲ. ಹೈದರಾಬಾದಿಗೆ ಹೋದರು ಎಂದು ಒಬ್ಬರು ಹೇಳಿದರು. ಇನ್ನೊಬ್ಬರು ಬೇರೆ ಹೇಳಿದರು. ಬಕ್ಕಪ್ಪನವರು ಬೀದರದಲ್ಲಿ ಹುಡುಕಿದರು, ಶಹರದಲ್ಲಿ ಎರಡು ಸಲ ಹೋಗಿ ಹುಡುಕಿದರು. ಹಿಂಜುವವರ ಓಣಿ ಓಣಿ ತಿರುಗಿದರು. ಸಿಗಲಿಲ್ಲ. ಇವತ್ತಿನವರೆಗೂ ಗೊತ್ತಿಲ್ಲ.

ಹೊಸ ಹಿಂಜುವವನನ್ನು ಅವರು ಇಟ್ಟುಕೊಳ್ಳಲಿಲ್ಲ. ನಲವತ್ತೈದು ದಾಟಿದ ವಯಸ್ಸಿನಲ್ಲಿ ತಾವೇ ಬಿಲ್ಲು ಹೊಡೆಯಲು ಕಲಿತರು. ಒಂದು ದಿನ ಉಣ್ಣೆ ಕೊಡಲು ಹೋದ ನನಗೆ ಹೇಳಿದರು — "ಜ್ಞಾನು, ನನಗ ಹೂಂ ಅನ್ನೋರು ನಲವತ್ತ ಮಂದಿ ಉಳದ್ರು. ಉಹೂಂ ಅನ್ನಾಂವ ಒಬ್ಬನೇ ಇದ್ದ. ಅಂವ ಹ್ವಾದ."

ನಾನು ಅದಕ್ಕೂ ಹೂಂ ಅಂದೆ.

ಮೂರು ವರ್ಷ ಕಳೆಯಿತು. ಬೀದರದ ಒಂದು ಸರಕಾರಿ ಕಚೇರಿಯಿಂದ — ಯಾವುದು ಎಂಬುದು ಇಲ್ಲಿ ಬೇಡ — ಕಾಗದ ಬಂತು. ದವಾಖಾನೆಗಳಿಗೆ ಕಂಬಳಿ ಬೇಕು, ಎರಡು ಸಾವಿರ. ಎರಡು ಸಾವಿರ ಕಂಬಳಿ ಎಂದರೆ ಇಡೀ ಶೆಡ್ಡಿಗೆ ನಾಲ್ಕು ತಿಂಗಳ ಕೆಲಸ. ಅದು ಚೆನ್ನಾಗಿ ಆದರೆ ಪ್ರತಿ ವರ್ಷ ಸಿಗುವ ಕೆಲಸ. ಕಾಗದ ಉರ್ದುವಿನಲ್ಲಿತ್ತು. ನಾಲ್ಕನೆಯ ಇಯತ್ತೆಯವರೆಗೆ ನಾನು ಕಲಿತದ್ದು ಉರ್ದು ಶಾಲೆಯಲ್ಲೇ. ಇದೇ ಕಟ್ಟೆಯ ಮೇಲೆ ಕುಳಿತು ಎಲ್ಲರಿಗೂ ಓದಿ ಹೇಳಿದೆ. ಉದ್ದ, ಅಗಲ, ತೂಕ. ಕೊನೆಯಲ್ಲಿ ಒಂದು ಸಾಲು — ಮಾಲು ತೆಗೆದುಕೊಳ್ಳುವ ಮೊದಲು ಒಂದು ಕಂಬಳಿಯನ್ನು ನೀರಿನಲ್ಲಿ ಕುದಿಸಿ ನೋಡಲಾಗುವುದು.

ಆ ಸಾಲು ಓದಿದಾಗ ಏನಾಯಿತು, ನೆನಪಿದೆಯೇ?

ಧೊಂಡಿಬಾ ಕಾಕಾ, ತಪ್ಪು ತಿಳಿಯಬೇಡಿ. ನೀವು ಹೇಳಿದಿರಿ — "ಕಂಬಳಿ ಕುದಸ್ತಾರಂತ. ಖಾರ ಉಪ್ಪ ಅವರೇ ಹಾಕ್ತಾರೋ, ನಾವು ಒಯ್ಬೇಕೋ, ಕೇಳು ಅವ್ರಿಗಿ."

ಎಲ್ಲರೂ ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಬಕ್ಕಪ್ಪನವರೂ ನಕ್ಕರು, ನಾನೂ ನಕ್ಕೆ. ಕಂಬಳಿ ಒಗೆಯುವವರು ಇರುತ್ತಾರೆಂದು ನಮಗೆ ಗೊತ್ತಿರಲಿಲ್ಲ. ದವಾಖಾನೆಯಲ್ಲಿ ಒಬ್ಬ ರೋಗಿ ಹೊದ್ದದ್ದನ್ನು ಇನ್ನೊಬ್ಬ ಹೊದೆಯಬೇಕಾದರೆ ಕುದಿಸಲೇಬೇಕು ಎಂಬುದು ಈ ಶೆಡ್ಡಿನಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲ. ಸರಕಾರಿ ಕಾಗದದಲ್ಲಿ ಇಂಥ ಹುಚ್ಚು ಸಾಲು ಇದ್ದೇ ಇರುತ್ತವೆ ಅಂದುಕೊಂಡೆವು. ಫಕ್ರೋದ್ದೀನರು ಇದ್ದಿದ್ದರೆ "ಮೊದಲ ಒಂದ ಕುದಸಿ ನೋಡು" ಎನ್ನುತ್ತಿದ್ದರು. ಅದನ್ನು ನಾನು ಆಣೆ ಮಾಡಿ ಹೇಳಬಲ್ಲೆ.

ನಾವು ಏನು ಮಾಡಿದೆವು? ಸರಕಾರದ ಕೆಲಸ, ಹೆಸರಿನ ಕೆಲಸ ಎಂದು ಮೂರು ಸಲ ಹಚ್ಚುವ ಗಂಜಿಯನ್ನು ನಾಲ್ಕು ಸಲ ಹಚ್ಚಿದೆವು.

ಕಂಬಳಿ ಒಪ್ಪಿಸಲು ಬೀದರಕ್ಕೆ ಬಕ್ಕಪ್ಪನವರ ಜೊತೆ ಹೋದವನು ನಾನು. ಕಚೇರಿಯ ಹಿಂದಿನ ಅಂಗಳದಲ್ಲಿ ಒಲೆ ಹೂಡಿ ಹಂಡೆ ಇಟ್ಟಿದ್ದರು. ಸಾಹೇಬರು ಹೊರಗಿನ ಸೀಮೆಯವರು, ಪೊಲೀಸ್ ಆ್ಯಕ್ಷನ್ ಆದ ಮೇಲೆ ಬಂದವರು. ಅವರು ಕೆಟ್ಟವರಲ್ಲ. ಬಕ್ಕಪ್ಪನವರಿಗೆ ಕುರ್ಚಿ ಕೊಡಿಸಿದರು. ಆದರೆ ಕುರಿಯ ಉಣ್ಣೆಯ ಕಂಬಳಿಯನ್ನು ಅವರು ಹಿಂದೆ ನೋಡಿದ್ದರೋ ಇಲ್ಲವೋ.

ಕಂಬಳಿ ಹಂಡೆಗೆ ಇಳಿಯಿತು. ಸ್ವಲ್ಪ ಹೊತ್ತಿಗೆ ನೀರು ಬೆಳ್ಳಗಾಯಿತು. ಅಂಬಲಿಯ ಹಾಗೆ ಗುಳ್ಳೆ ಏಳತೊಡಗಿತು. ಕೋಲಿನಿಂದ ಎತ್ತಿ ಹಿಂಡಿ ಹರವಿದರು. ಆನೆಯಂಥ ಕಂಬಳಿ — ತೊಟ್ಟಿಲಿಗೆ ಹಾಸುವಷ್ಟಾಗಿತ್ತು. ಒಣಗಿಸಿ ತೂಕ ಮಾಡಿದರು. ಕಾಲು ಭಾಗ ಹೋಗಿತ್ತು.

ಸಾಹೇಬರು ಕೇಳಿದರು, "ಇದರಲ್ಲಿ ಏನು ಹಾಕಿದ್ದೀರಿ?"

ಬಕ್ಕಪ್ಪನವರು ಕುರ್ಚಿಯಿಂದ ಎದ್ದರು. ಅವರ ಮುಖ ನಾನು ನೋಡಿದೆ. ಹೆದರಿರಲಿಲ್ಲ. ಅಷ್ಟು ದೊಡ್ಡ ಮನುಷ್ಯ ನಮ್ಮ ಕೈಕೆಲಸದ ಬಗ್ಗೆ ಕೇಳುತ್ತಿದ್ದಾರೆ ಎಂದು ಖುಷಿಪಟ್ಟರು. ಅವರು ಮುರುಕು ಉರ್ದುವಿನಲ್ಲಿ ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳುತ್ತೇನೆ.

"ಗಂಜಿ ಹಾಕೀವ್ರಿ ಸಾಹೇಬ್ರ. ಬ್ಯಾರೆಯವ್ರು ಒಂದ ಸರತಿ ಹಚ್ಚತಾರ. ನಿಮಗಂತ ನಾಕ ಸರತಿ ಹಚ್ಚಸೇನಿ."

"ತೂಕ ಬರಲಿ ಎಂದೇ?"

"ಹೌದ್ರಿ. ತೂಕಾನೂ ಬರ್ತದ, ಗಟ್ಟೀನೂ ಆಗ್ತದ."

ಸಾಹೇಬರು ಅವರ ಮುಖವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಬರೆದುಕೊಂಡರು.

ನನಗೆ ಗೊತ್ತಾಯಿತು. ಆ ಕ್ಷಣಕ್ಕೇ ಗೊತ್ತಾಯಿತು. ಅವರು ಕೇಳಿದ್ದು ಒಂದು, ಇವರು ಹೇಳಿದ್ದು ಇನ್ನೊಂದು. ಒಂದು ಹೆಜ್ಜೆ ಮುಂದೆ ಇಟ್ಟು, "ಸಾಹೇಬರೇ, ಇದು ಮೋಸಕ್ಕೆ ಹಾಕಿದ್ದಲ್ಲ, ಮಳೆಯ ನೀರು ಒಳಗೆ ಇಳಿಯದಿರಲಿ ಎಂದು ಹಾಕುವುದು, ಅಜ್ಜ ಮುತ್ತಜ್ಜನ ಕಾಲದಿಂದ ಹಾಕುತ್ತೇವೆ, ನಮ್ಮಲ್ಲಿ ಕಂಬಳಿ ಒಗೆಯುವುದಿಲ್ಲ" — ಇಷ್ಟು ಹೇಳಿದ್ದರೆ ಸಾಕಿತ್ತು. ನನಗೆ ಉರ್ದು ಬರುತ್ತಿತ್ತು. ನಾನು ಅಲ್ಲೇ ಇದ್ದೆ. ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದೆ. 

ಬಕ್ಕಪ್ಪನವರು ನನ್ನ ಕಡೆ ತಿರುಗಿ ಕೇಳಿದರು, "ಸಾಹೇಬ್ರು ಏನ್ ಬರಕೊಂಡ್ರು ಜ್ಞಾನು?"

"ಏನಿಲ್ಲ ಅಣ್ಣಾ" ಎಂದೆ.

ರೈಲಿನಲ್ಲಿ ಬೀದರದಿಂದ ಭಾಲ್ಕಿಯವರೆಗೆ ಅವರು ಸಂತೋಷವಾಗಿದ್ದರು. "ಕುಗ್ಗಿತು, ಅದು ಖರೇ. ಆದ್ರ ಗಂಜಿದು ಬರಕೊಂಡ್ರ ನೋಡು. ಮಂದೀಗಿ ಕೆಲಸದ ಕಿಮ್ಮತ್ತ ತಿಳೀತದ" ಎಂದು ಎದುರಿಗೆ ಕುಳಿತ ಅಪರಿಚಿತರಿಗೂ ಹೇಳಿದರು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಹದಿನೈದು ದಿನಕ್ಕೆ ಕಾಗದ ಬಂತು. ಅದನ್ನೂ ನಾನೇ ಓದಬೇಕಾಯಿತು. ತೂಕ ಹೆಚ್ಚಿಸಲು ಗಂಜಿ ಬೆರೆಸಿದ್ದನ್ನು ಮಾಲಕನೇ ಒಪ್ಪಿಕೊಂಡಿದ್ದಾನೆ. ಮಾಲನ್ನು ತಿರುಗಿ ಒಯ್ಯಬೇಕು. ಇನ್ನು ಮುಂದೆ ಈ ಭಾಗದ ನೇಕಾರರಿಂದ ಕಂಬಳಿ ತೆಗೆದುಕೊಳ್ಳಕೂಡದು. ಬಕ್ಕಪ್ಪನವರು ಇನ್ನೊಮ್ಮೆ ಓದು ಎಂದರು. ಇನ್ನೊಮ್ಮೆ ಓದಿದೆ. "ಒಪ್ಪಿಕೊಂಡಾನ ಅಂತ ಅದೇನು?" ಎಂದು ಕೇಳಿದರು. ಇದೆ ಅಂದೆ. ಎದ್ದು ಹೋಗಿ ಬಿಲ್ಲು ಹೊಡೆಯತೊಡಗಿದರು.

ಆಗ ಹುಟ್ಟಿದ್ದು ಆ ಹೆಸರು. ಗಂಜಿ ಬಕ್ಕಪ್ಪ. ಚಹಾದ ಅಂಗಡಿಯಲ್ಲಿ, ಸ್ಟೇಷನ್ನಿನಲ್ಲಿ, ಔರಾದದ ಸಂತೆಯಲ್ಲಿ. ಸಖುಬಾಯಿ ಅವ್ವ ಬಾವಿಗೆ ಹೋದರೆ ಅಲ್ಲಿಯೂ. ಸರಕಾರಕ್ಕೆ ಗಂಜಿ ಕುಡಿಸಿದವನು ಎಂದರು. ನಲವತ್ತು ಮನೆ ಮುಳುಗಿಸಿದವನು ಎಂದರು. ಹಾಗೆ ಅಂದವರಲ್ಲಿ ಆ ದಿನ ಈ ಕಟ್ಟೆಯ ಮೇಲೆ ನಕ್ಕವರೂ ಇದ್ದರು. ಆ ಗಂಜಿಯನ್ನು ತಮ್ಮ ಕೈಯಿಂದ ಹಚ್ಚಿದವರೂ ಇದ್ದರು. ನಾನು ಅನ್ನಲಿಲ್ಲ. ಆದರೆ ಅನ್ನುವವರ ನಡುವೆ ಕುಳಿತು ಚಹಾ ಕುಡಿದಿದ್ದೇನೆ.

ಹುಡುಗರೇ, ಬಿದ್ದ ಮೇಲೆ ಏಳುವುದೂ ಒಂದು ಗುಣ ಎನ್ನುತ್ತಾರೆ. ಬಕ್ಕಪ್ಪನವರು ಎದ್ದರು. ಕುದಿಸಿದರೂ ಕುಗ್ಗದ, ಗಂಜಿಯಿಲ್ಲದ ಕಂಬಳಿ ಮಾಡುತ್ತೇನೆ ಎಂದರು. ನಮ್ಮನ್ನೆಲ್ಲ ಕೇಳಿದರು. ಗಂಜಿಯಿಲ್ಲದೆ ಹಾಸು ನಿಲ್ಲುವುದಿಲ್ಲ, ಎಳೆ ಹರಿಯುತ್ತದೆ, ನಮ್ಮಿಂದಾಗುವುದಿಲ್ಲ ಎಂದೆವು. ಗಂಜಿಯಿಲ್ಲದ್ದೂ ಒಂದು ಕಂಬಳಿಯೇ ಎಂದೂ ಕೇಳಿದೆವು. ಅವರು ನೂಲನ್ನು ಮೊದಲೇ ಬಿಸಿನೀರಿನಲ್ಲಿ ಅದ್ದಿ ಕುಗ್ಗಿಸಿದರು. ಹುರಿ ಹೆಚ್ಚು ಕೊಟ್ಟು ನೂಲಲು ಮೈಲೂರಿನ ಭೀಮಬಾಯಿ ಅಕ್ಕನಿಗೆ ಹೇಳಿದರು. ಗಂಜಿ ಹಚ್ಚಿ ನೇಯ್ದು, ಆಮೇಲೆ ಹಳ್ಳಕ್ಕೆ ಒಯ್ದು ಕಾಲಿನಿಂದ ತುಳಿದು ಗಂಜಿ ತೆಗೆದರು. ಕಂಬಳಿ ಒಗೆಯುವುದನ್ನು ನೋಡಲು ಮಂದಿ ಹಳ್ಳದ ದಂಡೆಯ ಮೇಲೆ ನಿಂತರು.

"ಬಕ್ಕಣ್ಣಾ, ಕುರೀಗಿ ಮೈ ತೊಳದ ಬಿಡು, ಕಂಬಳಿ ತಾನೇ ಸ್ವಚ್ಛ ಹುಟ್ತದ."

ಅವರು ತುಳಿಯುತ್ತಲೇ ಇದ್ದರು. ಒಂಬತ್ತು ಕಂಬಳಿ ಕೆಟ್ಟವು. ಹತ್ತನೆಯದು ಬಂತು. ಮೆತ್ತಗೆ, ಬೆಚ್ಚಗೆ. ಎರಡು ಸಲ ಕುದಿಸಿದರು, ನಾಲ್ಕು ಬೆರಳೂ ಕುಗ್ಗಲಿಲ್ಲ. ನಾನು ಮುಟ್ಟಿ ನೋಡಿದ್ದೇನೆ. ಅಂಥ ಕಂಬಳಿಯನ್ನು ಅದಕ್ಕೂ ಮೊದಲು ಮುಟ್ಟಿರಲಿಲ್ಲ, ಆಮೇಲೂ ಮುಟ್ಟಿಲ್ಲ.

ಅದನ್ನು ಹೆಗಲ ಮೇಲೆ ಹಾಕಿಕೊಂಡು ಬೀದರಕ್ಕೆ ಹೋದರು. ಆ ಸಾಹೇಬರಿಗೆ ಬದಲಿಯಾಗಿತ್ತು. ಹೊಸಬರು ಭೇಟಿ ಕೊಡಲಿಲ್ಲ. ಬಾಗಿಲಲ್ಲಿದ್ದ ಗುಮಾಸ್ತ ಫೈಲು ತೆಗೆದು ನೋಡಿ ಹೇಳಿದನಂತೆ — ಕಂಬಳಿ ಈಗ ಮಿಲ್ಲಿನಿಂದ ಬರುತ್ತವೆ, ಮೇಲಾಗಿ ನಿಮ್ಮ ಹೆಸರಿನ ಮುಂದೆ ಮೋಸ ಎಂದು ಬರೆದಿದ್ದಾರೆ. ಮೂರು ಸಲ ಹೋದರು. ನಾಲ್ಕನೆಯ ಸಲ ಹೋಗಲಿಲ್ಲ.

ನಲವತ್ತು ಮಗ್ಗ ಹದಿನೈದಾದವು. ಹದಿನೈದು ಆರಾದವು. ಕುರಿಗಾರರ ಮಕ್ಕಳೂ ಈಗ ಮಿಲ್ಲಿನ ಕಂಬಳಿ ಹೊದೆಯುತ್ತಾರೆ. ಅವರದು ತಪ್ಪಲ್ಲ. ಅದು ಹಗುರ, ಅಗ್ಗ.

ಕೈ ಇತ್ತು. ಕಣ್ಣು ಇತ್ತು. ನಡೆಯುವ ಕಾಲು, ಮಾರುವ ಮಾತು, ಸೋತರೂ ಕಲಿಯುವ ತಾಳ್ಮೆ ಎಲ್ಲ ಇತ್ತು. ಕಾಕಾ, ಗುಣ ಹೇಳು ಎಂದಿರಿ, ಹೇಳಿದೆ. ಅಷ್ಟೆಲ್ಲ ಇದ್ದೂ ಏನಾಯಿತು ಎಂಬುದನ್ನು ನೀವೇ ನೋಡುತ್ತಿದ್ದೀರಿ. ಇಷ್ಟು ಕಲಿತರೆ ಗೆಲ್ಲುತ್ತೀರಿ ಎಂದು ಈ ಹುಡುಗರಿಗೆ ಹೇಳಲು ನನ್ನ ನಾಲಗೆ ಏಳುತ್ತಿಲ್ಲ. ಗೆಲ್ಲುವುದು ನಮ್ಮ ಗುಣಗಳಿಗೆ ಮಾತ್ರ ಸೇರಿದ್ದಾದರೆ ಅವರು ಗೆಲ್ಲಬೇಕಿತ್ತು. ಅವರ ಪಕ್ಕದಲ್ಲಿದ್ದವರ ಗುಣಕ್ಕೂ ಅದು ಸೇರಿತ್ತು. ಉಹೂಂ ಎನ್ನುವವನನ್ನು ಕಾಲ ಒಯ್ದಿತು. ಮಾತಾಡಬೇಕಾದವನು ಕಂಬಕ್ಕೆ ಬೆನ್ನು ಹಚ್ಚಿ ನಿಂತ.

ಕೊನೆಯ ದಿನಗಳಲ್ಲಿ ಅವರನ್ನು ಎದೆಯ ಕಫಕ್ಕೆ ಬೀದರದ ದವಾಖಾನೆಯಲ್ಲಿ ಹಾಕಿದ್ದೆವು. ಮೈಮೇಲೆ ಹೊದಿಸಿದ್ದು ಮಿಲ್ಲಿನ ಕೆಂಪು ಕಂಬಳಿ. ಹೆಬ್ಬೆರಳು ತೋರುಬೆರಳಿನ ನಡುವೆ ಅದರ ಅಂಚನ್ನು ಹಿಡಿದು — ಹೀಗೆ — ಬಹಳ ಹೊತ್ತು ತಿಕ್ಕಿ ನೋಡಿದರು.

"ಎಳಿ ತೆಳ್ಳಗ ಅದ. ಆದ್ರ ಚಂದ ಒಗದಾರ. ವಾಸನಿ ಇಲ್ಲ. ಅವರು ಕುದಸಿ ನೋಡಿದ್ದು ಖರೇನೇ ಇತ್ತಲೋ ಜ್ಞಾನು."

ಆಗ ನಾನು ಹೇಳಿದೆ. ಅಂಗಳದಲ್ಲಿ ಸಾಹೇಬರು ಏನು ಬರೆದುಕೊಂಡರು ಎಂಬುದು ನನಗೆ ಅವತ್ತೇ ತಿಳಿದಿತ್ತು ಎಂದು ಹೇಳಿದೆ. ಎರಡು ವರ್ಷ ಆದ ಮೇಲೆ, ಅಲ್ಲಿ, ಆ ಮಂಚದ ಪಕ್ಕದಲ್ಲಿ. ಅವರು ಬೈದಿದ್ದರೆ ಒಳ್ಳೆಯದಿತ್ತು. ಕಣ್ಣು ಮುಚ್ಚಿಕೊಂಡರು. ಕೇಳಿಸಿತೋ, ನಿದ್ದೆ ಬಂತೋ, ನನಗೆ ಗೊತ್ತಾಗಲಿಲ್ಲ. ಮರುದಿನ ಬೆಳಿಗ್ಗೆ ಹೋದರು.

ಸಖುಬಾಯಿ ಅವ್ವ, ಈ ಮಾತು ನಿಮಗೂ ಇವತ್ತೇ ಹೇಳುತ್ತಿದ್ದೇನೆ. ಮನೆಗೆ ಬಂದು ಹೇಳಲು ನಾಲ್ಕು ಸಲ ಹೊಸ್ತಿಲವರೆಗೆ ಬಂದು ತಿರುಗಿದೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕ್ಷಮಿಸಬೇಕಾಗುತ್ತದೆ. ಆ ಭಾರವೂ ನಿಮಗೆ ಬೇಡ.

ಧೊಂಡಿಬಾ ಕಾಕಾ ಅವರ ಕೈಯಲ್ಲಿ ಶೋಕದ ಠರಾವಿನ ಕಾಗದವಿದೆ. ಅದರಲ್ಲಿ "ಯಶಸ್ವಿ ಉದ್ಯಮಿ" ಎಂದು ಬರೆದಿದ್ದಾರೆ. ನನ್ನ ಒಂದು ವಿನಂತಿ. ಆ ಎರಡು ಶಬ್ದ ಹೊಡೆದು ಹಾಕಿ. ಅವರು ಯಶಸ್ವಿಯಾಗಲಿಲ್ಲ, ಸುಳ್ಳು ಹೇಳಿ ಕಳಿಸುವುದು ಬೇಡ. ಆ ಜಾಗದಲ್ಲಿ ಹೀಗೆ ಬರೆಯಿರಿ — ಕಂಬಳಿಗೆ ಗಂಜಿ ಹಾಕಿದ್ದು ನಮ್ಮ ಪದ್ಧತಿ, ಅದು ಮೋಸವಲ್ಲ, ಅದನ್ನು ಹಚ್ಚಿದ ಕೈಗಳು ನಮ್ಮವು. ಕೆಳಗೆ ನಲವತ್ತು ಮನೆಯವರೂ ಸಹಿ ಹಾಕಿ, ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿ. ಅದನ್ನು ಬೀದರದ ಆ ಕಚೇರಿಗೆ ನಾನು ಒಯ್ದು ಕೊಡುತ್ತೇನೆ. ಬಾಯಿಂದಲೂ ಹೇಳುತ್ತೇನೆ.

ಅದರಿಂದ ಮಗ್ಗ ತಿರುಗಿ ಬರುವುದಿಲ್ಲ. ಆ ಫೈಲನ್ನು ಇನ್ನು ಯಾರೂ ತೆರೆಯಲಿಕ್ಕಿಲ್ಲ. ನಮ್ಮ ಕಾಗದವನ್ನು ಓದದೇ ಅದರ ಮೇಲೆ ಇಟ್ಟು ಕಟ್ಟಿಬಿಡಬಹುದು. ಗೊತ್ತು. ಬರುವ ಸೋಮವಾರ ಶೆಡ್ಡಿನ ಮಾಲಕರು ಬೀಗ ಕೇಳಿದ್ದಾರೆ, ಅದೂ ಗೊತ್ತು.

ನನ್ನ ಓದು ಮುಗಿಯಿತು. ಎಲ್ಲರೂ ಎದ್ದು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಹಿರಿಯರು, ಏಳಲು ಆಗದವರು, ಪಕ್ಕದವರ ಹೆಗಲು ಹಿಡಿದುಕೊಳ್ಳಿ. ಇಂಥ ಸಭೆಗಳಲ್ಲಿ ಎರಡು ನಿಮಿಷ ಎನ್ನುತ್ತಾರೆ. ನಾನು ಎಷ್ಟು ಹೊತ್ತು ಎಂದು ಹೇಳುವುದಿಲ್ಲ. ಸಖುಬಾಯಿ ಅವ್ವ ನಮ್ಮ ಎದುರಿಗೆ ಇದ್ದಾರೆ. ಅವರು ಕುಳಿತಾಗ ನಾವು ಕುಳಿತುಕೊಳ್ಳೋಣ.